ಹಡಗಿನ ನಡುವಿಗೆ 25.6 ಮೀಟರ್

ಸಿಸಿಲಿ ದ್ವೀಪದ ಪಲೆರ್ಮೊ ಬಂದರಿನಲ್ಲಿರುವ ಫಿಂಕಾಂಟಿಯೇರಿ ಶಿಪ್‌ಯಾರ್ಡಿಗೆ 2019ರ ಅಕ್ಟೋಬರ್‌ನಲ್ಲಿ ‘ಸ್ಟಾರ್ ಬ್ರೀಜ್’ ಎಂಬ ಐಷಾರಾಮಿ ಹಡಗು ಬಂದು ನಿಂತಿತು. ಆಗ ಅದರ ಉದ್ದ 134 ಮೀಟರ್. ಮತ್ತೆ ಕಡಲಿಗಿಳಿದಾಗ 159 ಮೀಟರ್ ದಾಟಿತ್ತು. ಮೂತಿಗಾಗಲಿ ಬಾಲಕ್ಕಾಗಲಿ ಏನನ್ನೂ ಸೇರಿಸಿರಲಿಲ್ಲ. ಹಡಗನ್ನು ನಟ್ಟನಡುವೆ ಅಡ್ಡಕ್ಕೆ ಕೊಯ್ದು, ಎರಡು ಹೋಳುಗಳನ್ನು ದೂರ ಸರಿಸಿ, ನಡುವಿನ ತೆರಪಿಗೆ ಮೊದಲೇ ಕಟ್ಟಿಟ್ಟಿದ್ದ 25.6 ಮೀಟರ್ ಉದ್ದದ ಹೊಸ ಹೋಳನ್ನು ತೂರಿಸಿ, ಮೂರನ್ನೂ ಒಂದಾಗಿ ಬೆಸೆದಿದ್ದರು. ನಮ್ಮ ಕೆಎಸ್‌ಆರ್‌ಟಿಸಿಯ ಎರಡು ಬಸ್ಸುಗಳನ್ನು ಒಂದರ ಹಿಂದೊಂದು ನಿಲ್ಲಿಸಿದರೆ ಹೆಚ್ಚುಕಡಿಮೆ ಅಷ್ಟೇ ಉದ್ದ.

ಈಗ ಲೆಕ್ಕ ನೋಡಿ. ಉದ್ದ ಹೆಚ್ಚಿದ್ದು ಶೇ 19ರಷ್ಟು. ಹಡಗಿನ ಒಳಗಾತ್ರ ಸುಮಾರು 10,000 ಗ್ರಾಸ್ ಟನ್‌ನಿಂದ 13,000ಕ್ಕೆ ಏರಿತು, ಅಂದರೆ ಶೇ 30. ಪ್ರಯಾಣಿಕರ ಸಂಖ್ಯೆ 212ರಿಂದ 312ಕ್ಕೆ ಹೋಯಿತು, ಅಂದರೆ ಶೇ 47. ಒಂದೇ ಕೊಯ್ತ, ಒಂದೇ ಹೋಳು. ಆದರೆ ಯಾವ ಅಂಕಿಯೂ ಇನ್ನೊಂದರ ಜೊತೆ ಸಮನಾಗಿ ಹೆಜ್ಜೆ ಹಾಕಿಲ್ಲ. ಇದಕ್ಕೆ ಕಾರಣ ಸರಳ. ಅಲೆ ಸೀಳುವ ಮೂತಿ, ಲಂಗರು, ಕಪ್ತಾನ ನಿಲ್ಲುವ ಬ್ರಿಡ್ಜ್, ಇಂಜಿನ್ ಕೋಣೆ, ಪ್ರೊಪೆಲ್ಲರ್, ಚುಕ್ಕಾಣಿ ಇವೆಲ್ಲ ಹಳೆಯ ಹಡಗಿನಲ್ಲಿ ಇದ್ದೇ ಇವೆ, ಎರಡನೇ ಸಲ ಬೇಕಾಗಿಲ್ಲ. ಹೊಸ ಹೋಳಿನಲ್ಲಿ ಬಹುಪಾಲು ಜಾಗ ಸೂಟ್‌ಗಳಿಗೇ ಸಿಗುತ್ತದೆ. ಹಡಗಿನಲ್ಲಿ ದುಡಿಯುವುದು ನಡು. ಉಣ್ಣುವುದು ಎರಡು ತುದಿ.

ಹೀಗಾಗಿಯೇ ಒಡೆಯರಾದ ವಿಂಡ್‌ಸ್ಟಾರ್ ಕಂಪನಿಯವರು ಒಂದಲ್ಲ, ಮೂರು ಹಡಗುಗಳನ್ನು ಈ ಕೊಯ್ತಕ್ಕೆ ಒಡ್ಡಿದರು: ಸ್ಟಾರ್ ಬ್ರೀಜ್, ಸ್ಟಾರ್ ಲೆಜೆಂಡ್, ಸ್ಟಾರ್ ಪ್ರೈಡ್. ಹಳೆಯ ಇಂಜಿನ್‌ಗಳನ್ನು ತೆಗೆದು ಹೊಸವನ್ನು ಕೂರಿಸುವುದೂ ಸೇರಿ ಮೂರಕ್ಕೂ ಇಟ್ಟ ಮೊತ್ತ 25 ಕೋಟಿ ಡಾಲರ್, ಆಗಿನ ದರದಲ್ಲಿ ಸುಮಾರು 1,800 ಕೋಟಿ ರೂಪಾಯಿ. ಹಡಗೊಂದಕ್ಕೆ 50ರಂತೆ ಒಟ್ಟು 150 ಹೊಸ ಸೂಟ್‌ಗಳು ಬಂದವು. ಇಡೀ ಖರ್ಚನ್ನು ಅವುಗಳ ಮೇಲೆಯೇ ಹೊರಿಸಿದರೆ ಸೂಟ್ ಒಂದಕ್ಕೆ 12 ಕೋಟಿ ರೂಪಾಯಿ ಬೀಳುತ್ತದೆ. ದುಬಾರಿ ಅನಿಸುವುದು ಸಹಜ. ಆದರೆ ಈ ಮೂರೂ ಹಡಗುಗಳನ್ನು ಹಿಂದೆ ನಡೆಸುತ್ತಿದ್ದ ಸೀಬೋರ್ನ್ ಕಂಪನಿ ಅದೇ ವರ್ಷಗಳಲ್ಲಿ ಹೊಸ ಹಡಗು ಕಟ್ಟಿಸಲು ಹೊರಟಾಗ, ಕೇವಲ 264 ಪ್ರಯಾಣಿಕರ ‘ಸೀಬೋರ್ನ್ ವೆಂಚರ್’ಗೆ ತಗುಲಿದ ಬೆಲೆ ಸುಮಾರು 22.5 ಕೋಟಿ ಡಾಲರ್. ಧ್ರುವ ಪ್ರದೇಶಕ್ಕೂ ಹೋಗಬಲ್ಲ ಹಡಗು ಅದು, ನಿಜ. ಆದರೂ ಒಂದು ಹೊಸ ಹಡಗಿನ ಬೆಲೆಯ ಆಸುಪಾಸಿನಲ್ಲಿ ಇಲ್ಲಿ 300 ಜನರಿಗೆ ಹೆಚ್ಚುವರಿ ಜಾಗ ಸಿಕ್ಕಿತು, ಮೂರು ಹಳೆಯ ಹಡಗುಗಳೂ ಹೊಸದಾದವು.

ಸ್ಟಾರ್ ಬ್ರೀಜ್ 1989ರಲ್ಲಿ ಜರ್ಮನಿಯ ಬ್ರೆಮರ್‌ಹಾವೆನ್‌ನಲ್ಲಿ ಕಟ್ಟಿದ ಹಡಗು. ಆಗಿನ ಹೆಸರು ‘ಸೀಬೋರ್ನ್ ಸ್ಪಿರಿಟ್’. 2005ರ ನವೆಂಬರ್ 5ರ ಬೆಳಿಗ್ಗೆ ಸೊಮಾಲಿಯಾ ಕರಾವಳಿಯ ಆಚೆ ಸಣ್ಣ ದೋಣಿಗಳಲ್ಲಿ ಬಂದ ಕಡಲ್ಗಳ್ಳರು ಇದರ ಮೇಲೆ ಗುಂಡು ಹಾರಿಸಿದರು, ರಾಕೆಟ್ ಗ್ರೆನೇಡ್‌ಗಳನ್ನು ಎಸೆದರು. ಸಿಬ್ಬಂದಿ ಕಿವಿಗಡಚಿಕ್ಕುವ ಧ್ವನಿಯಂತ್ರವನ್ನು ಅವರತ್ತ ತಿರುಗಿಸಿದರು, ಕಪ್ತಾನ ವೇಗ ಹೆಚ್ಚಿಸಿ ಹಡಗನ್ನು ಆಳ ಕಡಲಿಗೆ ಓಡಿಸಿದ. ಮೊಂಬಾಸಾ ತಲುಪಬೇಕಿದ್ದ ಹಡಗು ಸೆಶೆಲ್ಸ್ ಸೇರಿತು. ಪ್ರಯಾಣಿಕರೆಲ್ಲ ಉಳಿದರು. ಅಂಥದ್ದನ್ನು ತಾಳಿ ಬಂದ ಉಕ್ಕು ಇದು. ಗುಜರಿಗೆ ಹಾಕದೆ ಇದನ್ನು ಉಳಿಸಿಕೊಂಡದ್ದು ನನಗೆ ತುಂಬ ಸಂತೋಷ ಕೊಟ್ಟ ಸಂಗತಿ. ಯಾಕೆಂದರೆ ಇದಕ್ಕಿಂತ ಒಂದು ವರ್ಷ ಕಿರಿದಾದ, ಸುಮಾರು ಏಳು ಪಟ್ಟು ದೊಡ್ಡದಾದ, ಅದೇ ಫಿಂಕಾಂಟಿಯೇರಿ ಕಂಪನಿಯವರೇ 1990ರಲ್ಲಿ ಕಟ್ಟಿದ ಹಡಗೊಂದು ‘ಕರ್ಣಿಕಾ’ ಎಂಬ ಹೆಸರಿನಲ್ಲಿ 2019ರಲ್ಲಿ ಮುಂಬೈಯಿಂದ ಓಡತೊಡಗಿತ್ತು. 2020ರ ನವೆಂಬರ್‌ನಲ್ಲಿ ಅದು ಗುಜರಾತಿನ ಅಲಂಗ್ ತೀರದಲ್ಲಿ ತುಂಡಾಗಲು ಬಂದು ನಿಂತಿತು. ಎರಡೂ ಹಡಗುಗಳಿಗೆ ಗ್ಯಾಸ್ ಕಟ್ಟರ್ ತಾಗಿತು. ಒಂದು ಸತ್ತಿತು, ಇನ್ನೊಂದು ಬೆಳೆಯಿತು.

ಕೊಯ್ಯುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ಗ್ಯಾಸ್ ಕಟ್ಟರ್ ಹೊತ್ತಿಸುವುದಕ್ಕೂ ಮೊದಲು ಗೆರೆಯ ಎರಡೂ ಬದಿಯ ಕೋಣೆಗಳು ಬೋಳಾಗುತ್ತವೆ. ಕಾರ್ಪೆಟ್, ಗೋಡೆ ಹಲಗೆ, ಚಾವಣಿ, ಶಾಖ ತಡೆಯುವ ಹೊದಿಕೆ ಎಲ್ಲ ಕಿತ್ತು ಬರಿ ಉಕ್ಕು ಕಾಣಬೇಕು. ಗೆರೆ ದಾಟುವ ಪ್ರತಿ ಕೇಬಲ್ಲಿಗೂ ಪ್ರತಿ ಪೈಪಿಗೂ ಒಂದು ನಂಬರ್ ಚೀಟಿ ಬೀಳುತ್ತದೆ. ಪೈಪುಗಳಲ್ಲಿನ ಎಣ್ಣೆ, ನೀರು ಬಸಿದು ಬಾಯಿ ಮುಚ್ಚುತ್ತಾರೆ. ಕಟ್ಟರ್ ಹಿಡಿದವನು ತಗಡಿನ ಈ ಬದಿ ಇದ್ದರೆ, ಆ ಬದಿಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಇನ್ನೊಬ್ಬ ಕಾಯುತ್ತಿರುತ್ತಾನೆ. ಇವನಿಗೆ ಕಾಣದ ಕಡೆ ಕಿಡಿ ಬೀಳುತ್ತದೆ. ಅದನ್ನು ನೋಡುತ್ತ ನಿಲ್ಲುವುದಷ್ಟೇ ಅವನ ಕೆಲಸ. ಯಾರ ಕಣ್ಣಿಗೂ ಬೀಳದ ಈ ಮನುಷ್ಯನ ಎಚ್ಚರದ ಮೇಲೆ ಇಡೀ ಹಡಗು ನಿಂತಿರುತ್ತದೆ.

19 ಮೀಟರ್ ಅಗಲದ ಹಡಗಿದು. ಪ್ರಯಾಣಿಕರು ಓಡಾಡುವ ಡೆಕ್‌ಗಳೇ ಆರು. ಅವನ್ನು ಅಡ್ಡ ಕೊಯ್ದರೆ ಅಲ್ಲಿಗೇ 114 ಮೀಟರ್ ಆಯಿತು. ಕೆಳಗಿನ ಡೆಕ್‌ಗಳು, ಅಡಿಭಾಗ, ಎರಡು ಪಕ್ಕದ ಗೋಡೆಗಳನ್ನು ಸೇರಿಸಿಕೊಂಡರೆ ನನ್ನ ಅಂದಾಜಿನಲ್ಲಿ ಕೊಯ್ತ 200 ಮೀಟರ್ ಮುಟ್ಟುತ್ತದೆ. ಕೊಯ್ಯುವುದು ಒಂದೇ ಕಡೆ, ಬೆಸೆಯಬೇಕಾದದ್ದು ಎರಡು ಕಡೆ. ಅಂದರೆ 400 ಮೀಟರ್ ಬೆಸುಗೆ, ಅದೂ ಒಂದರ ಮೇಲೊಂದು ಪದರವಾಗಿ.

ಈ ಬೆಸುಗೆಯ ತುದಿಗಳು ಕೆಲವೇ ಮಿಲಿಮೀಟರ್‌ಗಳ ಒಳಗೆ ಹೊಂದಬೇಕು. ಉಕ್ಕು ಅದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಒಂದು ಡಿಗ್ರಿ ಬಿಸಿ ಏರಿದರೆ ಒಂದು ಮೀಟರ್ ಉಕ್ಕು ಒಂದು ಮಿಲಿಮೀಟರ್‌ನ ಸಾವಿರ ಪಾಲುಗಳಲ್ಲಿ 12 ಪಾಲಿನಷ್ಟು ಹಿಗ್ಗುತ್ತದೆ. ಕೇಳಲು ಏನೂ ಅಲ್ಲ. ಆದರೆ 134 ಮೀಟರ್ ಉದ್ದದ ಒಂದು ಮೈ ನೆರಳಿನಲ್ಲಿದ್ದು, ಇನ್ನೊಂದು ಮೈ ಸಿಸಿಲಿಯ ಬಿಸಿಲಿಗೆ 20 ಡಿಗ್ರಿ ಹೆಚ್ಚು ಕಾದರೆ ಎರಡರ ಉದ್ದದಲ್ಲಿ 32 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ, ಹಡಗು ಬಾಗಿರುತ್ತದೆ. ಅಳತೆ ಹಿಡಿಯುವವರು ರಾತ್ರಿಯನ್ನೋ ನಸುಕನ್ನೋ ಕಾಯುವುದು ಇದಕ್ಕೇ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ಅಂಕಿ ಬೇರೆ ಇದೆ. ದೊಡ್ಡ ಅಲೆಯ ನೆತ್ತಿ ಹಡಗಿನ ನಡುವಿಗೆ ಬಂದಾಗ ಎರಡು ತುದಿಗಳೂ ಕೆಳಕ್ಕೆ ಜೋಲುತ್ತವೆ. ಮರುಗಳಿಗೆ ಅಲೆಯ ಹಳ್ಳ ನಡುವಿಗೆ ಬಂದಾಗ ಹೊಟ್ಟೆ ಕೆಳಕ್ಕೆ ಬಾಗುತ್ತದೆ. ಈ ಬಾಗಿಸುವ ಬಲ ಉದ್ದದ ಜೊತೆ ನೇರವಾಗಿ ಏರುವುದಿಲ್ಲ; ಹಡಗುಗಳಿಗೆ ಪ್ರಮಾಣಪತ್ರ ಕೊಡುವ ಸಂಸ್ಥೆಗಳ ಸೂತ್ರದಲ್ಲಿ ಅದು ಉದ್ದದ ವರ್ಗಕ್ಕೆ ಅನುಗುಣ. ಹಾಗಾಗಿ ಶೇ 19ರಷ್ಟು ಉದ್ದ ಬೆಳೆದ ಹಡಗು ಶೇ 40ಕ್ಕೂ ಮೀರಿದ ಹೆಚ್ಚುವರಿ ಬಾಗುಬಲವನ್ನು ತಡೆಯಬೇಕು. ಆ ಬಲ ಅತಿ ಹೆಚ್ಚಾಗಿರುವ ಜಾಗ ಯಾವುದು? ನಟ್ಟನಡು. ಎಲ್ಲಿ ಕೊಯ್ದರೋ ಅಲ್ಲೇ. ಎಂಟು ಸೆಕೆಂಡಿಗೊಂದು ಅಲೆ ಎಂದು ಹಿಡಿದರೂ 25 ವರ್ಷಗಳಲ್ಲಿ ಹತ್ತಿರ ಹತ್ತಿರ 10 ಕೋಟಿ ಅಲೆಗಳು. ಪ್ರತಿಯೊಂದೂ ಆ ಎರಡು ಬೆಸುಗೆಗಳನ್ನು ಒಮ್ಮೆ ಎಳೆದು ಒಮ್ಮೆ ಒತ್ತುತ್ತದೆ. ಅದಕ್ಕಾಗಿ ಉದ್ದ ಬೆಳೆಸುವ ಹಡಗುಗಳ ಹಳೆಯ ಮೈಗೂ ಉಕ್ಕಿನ ಪಟ್ಟಿಗಳನ್ನು ಸೇರಿಸಿ ಗಟ್ಟಿ ಮಾಡುವುದಿದೆ. ಬೆಸುಗೆಯೊಳಗೆ ಕೂದಲೆಳೆಯ ಬಿರುಕಿದ್ದರೂ ಬಿಡದಂತೆ ಶಬ್ದತರಂಗ ಹಾಯಿಸಿ ನೋಡುತ್ತಾರೆ.

ಇಷ್ಟು ಭಾರ ಸೇರಿಸಿದರೆ ಹಡಗು ತೇಲುವುದು ಹೇಗೆ? ಹೊಸ ಹೋಳೇ ತನ್ನನ್ನು ತಾನು ಹೊತ್ತುಕೊಳ್ಳುತ್ತದೆ. 25.6 ಮೀಟರ್ ಉದ್ದ, 19 ಮೀಟರ್ ಅಗಲ, ನೀರೊಳಗೆ ಐದು ಮೀಟರ್ ಆಳ: ಅದು ಪಕ್ಕಕ್ಕೆ ತಳ್ಳುವ ಕಡಲ ನೀರು ಸುಮಾರು 2,400 ಟನ್. ಅಷ್ಟು ಭಾರದವರೆಗೆ ಹಡಗು ಮೊದಲಿಗಿಂತ ಆಳಕ್ಕೆ ಇಳಿಯುವುದಿಲ್ಲ. ಈ ನಿಯಮ ಕಂಡುಕೊಂಡ ಆರ್ಕಿಮಿಡೀಸ್ ಇದೇ ಸಿಸಿಲಿಯ ಸಿರಾಕ್ಯೂಸ್‌ನವನು. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಅಲ್ಲಿನ ದೊರೆ ಹೀರಾನ್ ಕಟ್ಟಿಸಿದ ‘ಸಿರಾಕ್ಯೂಸಿಯಾ’ ಎಂಬ ಭಾರಿ ಹಡಗಿನ ವರ್ಣನೆಯನ್ನು ಅಥೀನಿಯಸ್ ಎಂಬ ಗ್ರೀಕ್ ಬರಹಗಾರ ಉಳಿಸಿಕೊಟ್ಟಿದ್ದಾನೆ. 300 ಕುಶಲಕರ್ಮಿಗಳು, ಎಟ್ನಾ ಬೆಟ್ಟದಿಂದ 60 ಯುದ್ಧನೌಕೆಗಳಿಗೆ ಸಾಕಾಗುವಷ್ಟು ಮರ. ಒಳಗೆ ವ್ಯಾಯಾಮಶಾಲೆ, ಕೈತೋಟ, ಗ್ರಂಥಾಲಯ, ಮೂರು ಕಂಚಿನ ತೊಟ್ಟಿಗಳ ಸ್ನಾನಗೃಹ. ಅರ್ಧ ಕಟ್ಟಿ ಮುಗಿದ ಹಡಗನ್ನು ಆರ್ಕಿಮಿಡೀಸನ ಯಂತ್ರದಿಂದ ನೀರಿಗಿಳಿಸಿ, ಉಳಿದರ್ಧವನ್ನು ತೇಲುತ್ತಿರುವಾಗಲೇ ಪೂರೈಸಿದರಂತೆ. ಐಷಾರಾಮಿ ಹಡಗಿನ ಕೆಲಸ ಈ ದ್ವೀಪಕ್ಕೆ ಹೊಸದಲ್ಲ.

ಕೊಯ್ದು ಉದ್ದ ಮಾಡುವ ವಿದ್ಯೆಯೂ ತೀರ ಹೊಸದಲ್ಲ. ‘ಸಾಂಗ್ ಆಫ್ ನಾರ್ವೆ’ ಎಂಬ ಕ್ರೂಸ್ ಹಡಗಿಗೆ 1978ರಲ್ಲೇ ಹೆಲ್ಸಿಂಕಿಯಲ್ಲಿ 26 ಮೀಟರ್ ಸೇರಿಸಿದ್ದರು. ಸ್ಟಾರ್ ಬ್ರೀಜ್‌ಗಿಂತ ಮುಂಚೆ, 2018ರಲ್ಲಿ, ಪಲೆರ್ಮೊದ ಇದೇ ಯಾರ್ಡಿನಲ್ಲಿ ‘ಸಿಲ್ವರ್ ಸ್ಪಿರಿಟ್’ ಹಡಗಿಗೆ 15 ಮೀಟರ್ ಹೋಳು ಸೇರಿತು. ಅಲ್ಲಿನ ಲೆಕ್ಕ ಕೇಳಿದರೆ ಒಂದು ಹೋಳಿನ ಹಿಂದೆ ಎಷ್ಟು ಕೆಲಸವಿದೆ ಎಂದು ತಿಳಿಯುತ್ತದೆ. 846 ಟನ್ ಉಕ್ಕು, 8,000 ಮೀಟರ್ ಪೈಪು, 1,10,000 ಮೀಟರ್ ಕೇಬಲ್. ಬೆಳೆದ ಪ್ರತಿ ಮೀಟರಿಗೆ ಏಳು ಕಿಲೋಮೀಟರಿಗೂ ಮಿಕ್ಕಿ ಕೇಬಲ್ ಎಂದಾಯಿತು. ಹೋಳು ಚಿಕ್ಕದಾದರೂ ಅದರೊಳಗಿನ ದೀಪ, ಫೋನು, ಹೊಗೆ ಗ್ರಹಿಸುವ ಸಾಧನ ಎಲ್ಲವೂ ಮೂತಿಯಿಂದ ಬಾಲದವರೆಗಿನ ನರಗಳಿಗೆ ಸೇರಲೇಬೇಕು. ದುಡಿದ ಒಟ್ಟು ಗಂಟೆಗಳು 4,50,000. ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ 300 ದಿನ ಒಬ್ಬನೇ ಕೆಲಸ ಮಾಡಿದ್ದರೆ 187 ವರ್ಷ ಹಿಡಿಯುತ್ತಿತ್ತು. 500ಕ್ಕೂ ಹೆಚ್ಚು ಕೆಲಸಗಾರರು ಎರಡೇ ತಿಂಗಳ ಆಸುಪಾಸಿನಲ್ಲಿ ಮುಗಿಸಿದರು.

ಸ್ಟಾರ್ ಬ್ರೀಜ್‌ಗೆ ಆ ವೇಗದ ಭಾಗ್ಯ ಇರಲಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಇಟಲಿಗೆ ಇಟಲಿಯೇ ಬಾಗಿಲು ಹಾಕಿತು, ಯಾರ್ಡಿನ ಕೆಲಸವೂ ನಿಂತಿತು. ಹಡಗು ಕೈಗೆ ಬಂದದ್ದು ಆ ವರ್ಷದ ಕೊನೆಯ ಭಾಗದಲ್ಲಿ.

ಹೀಗೆ ಮೈ ಬದಲಾದ ಹಡಗಿಗೆ ನೀರಿಗಿಳಿದ ಮೇಲೆ ಒಂದು ಪರೀಕ್ಷೆ ಇದೆ. ಉದ್ದ, ಗಾತ್ರ, ಬಲ ಎಲ್ಲ ಬದಲಾದ ಹಡಗಿನ ಗುರುತ್ವ ಕೇಂದ್ರ ಈಗ ಎಲ್ಲಿದೆ ಎಂದು ಕಾಗದದ ಮೇಲಿನ ಲೆಕ್ಕವನ್ನಷ್ಟೇ ನಂಬಿ ಹೇಳುವಂತಿಲ್ಲ. ಗಾಳಿ ಇಲ್ಲದ ಹೊತ್ತು ನೋಡಿ, ಹಗ್ಗಗಳನ್ನು ಸಡಿಲ ಬಿಟ್ಟು, ಬೇಡದವರನ್ನೆಲ್ಲ ಕೆಳಗಿಳಿಸುತ್ತಾರೆ. ತೂಕ ಗೊತ್ತಿರುವ ಕಬ್ಬಿಣ ಅಥವಾ ಕಾಂಕ್ರೀಟ್ ದಿಮ್ಮಿಗಳನ್ನು ಡೆಕ್ಕಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸುತ್ತಾರೆ. ಹಡಗು ಒಂದೆರಡು ಡಿಗ್ರಿ ವಾಲುತ್ತದೆ. ಒಳಗೆ ಉದ್ದನೆಯ ತಂತಿಗೆ ಕಟ್ಟಿದ ತೂಗುಗುಂಡೊಂದು ನೀರಿನ ತೊಟ್ಟಿಯಲ್ಲಿ ಮುಳುಗಿರುತ್ತದೆ, ಅಲ್ಲಾಟ ಬೇಗ ನಿಲ್ಲಲೆಂದು. ತಂತಿ ಎಷ್ಟು ಸರಿಯಿತೆಂದು ಮರದ ಪಟ್ಟಿಯ ಮೇಲೆ ಪೆನ್ಸಿಲ್ಲಿನಿಂದ ಗುರುತು ಹಾಕುತ್ತಾರೆ. ನೂರಾರು ಕೋಟಿ ರೂಪಾಯಿಯ ಹಡಗಿಗೆ ಅಂದು ಬೇಕಾದ ಉತ್ತರ ಆ ಹದಿನೈದು ಇಪ್ಪತ್ತು ಸೆಂಟಿಮೀಟರ್ ಗುರುತಿನಿಂದಲೇ ಬರುತ್ತದೆ. ಅದರ ಆಧಾರದ ಮೇಲೆ ಹಡಗಿನ ಸಮತೋಲನದ ಹೊಸ ಕೋಷ್ಟಕಗಳು ತಯಾರಾಗಿ, 134 ಮೀಟರ್ ಹಡಗಿನ ಹಳೆಯ ಪುಸ್ತಕ ರದ್ದಾಗುತ್ತದೆ. ಸ್ಟಾರ್ ಬ್ರೀಜ್ ತನ್ನ ಹೊಸ ಉದ್ದದಲ್ಲಿ ಪ್ರಯಾಣಿಕರನ್ನು ಹತ್ತಿಸಿಕೊಂಡು ಕೆರಿಬಿಯನ್ ಕಡಲಿಗೆ ಹೊರಟದ್ದು 2021ರ ಜೂನ್‌ನಲ್ಲಿ. ಆ ವೇಳೆಗೆ ಅದರ ಮುಂದಿನ ತಂಗಿಯ ಸರದಿ ಪಲೆರ್ಮೊದಲ್ಲಿ ನಡೆದಿತ್ತು.