ಅರ್ಧ ಕಡಿದ ಕೊಂಡಿ, ಪೂರ್ತಿ ಮಲಗುವ ಜಾಲ

ಬ್ಯಾಂಕಿನ ಶಾಖೆಗಾಗಲಿ ಆಸ್ಪತ್ರೆಗಾಗಲಿ ಕಂಪ್ಯೂಟರ್ ಜಾಲ ಹಾಸುವಾಗ ಒಂದಲ್ಲ, ಎರಡು ದಾರಿಗಳನ್ನು ಇಡುವುದು ವಾಡಿಕೆ. ಒಂದು ಕೆಟ್ಟರೆ ಇನ್ನೊಂದಿದೆ ಎಂಬ ಧೈರ್ಯ. ಆದರೆ ಕೊಂಡಿ ಕೆಟ್ಟ ಸುದ್ದಿಯು ಬದಲಿ ದಾರಿಯನ್ನು ತೆರೆಯುವ ವ್ಯವಸ್ಥೆಗೆ ಸರಿಯಾಗಿ ತಲುಪದಿದ್ದರೆ ಆ ಎರಡನೇ ದಾರಿಯೇ ಅಪಾಯಕ್ಕೆ ಮೂಲವಾಗಬಲ್ಲದು.

ಕಾವಲಿನ ಕುರುಡು

ಈಥರ್ನೆಟ್‌ನಲ್ಲಿ ಎರಡೂ ದಾರಿಗಳು ಒಮ್ಮೆಗೇ ತೆರೆದಿದ್ದರೆ ದತ್ತಾಂಶವು ಕೊನೆಯಿಲ್ಲದೆ ಸುತ್ತತೊಡಗುತ್ತದೆ. ಇದನ್ನು ತಡೆಯಲು ರೇಡಿಯಾ ಪರ್ಲ್‌ಮನ್ ಅವರು 1985ರಲ್ಲಿ 'ಸ್ಪ್ಯಾನಿಂಗ್ ಟ್ರೀ' ವಿಧಾನವನ್ನು ರೂಪಿಸಿದರು. ಇದು ಹೆಚ್ಚುವರಿ ದಾರಿಯನ್ನು ಮುಚ್ಚಿಡುತ್ತದೆ. ಎದುರಿನ ಸ್ವಿಚ್‌ನಿಂದ ಸಾಮಾನ್ಯವಾಗಿ 2 ಸೆಕೆಂಡಿಗೊಮ್ಮೆ ಬರುವ ಸಂದೇಶ ನಿಂತರೆ, ಮೂಲ ವಿಧಾನದಲ್ಲಿ ಸುಮಾರು 50 ಸೆಕೆಂಡುಗಳಲ್ಲಿ ಆ ದಾರಿ ತೆರೆದುಕೊಳ್ಳುತ್ತದೆ.

ತೊಡಕು ಇಲ್ಲಿಯೇ ಇದೆ. ಫೈಬರ್ ಕೊಂಡಿಯಲ್ಲಿ ಹೋಗಲು ಒಂದು, ಬರಲು ಒಂದು ಎಳೆ. ಬರುವ ಎಳೆ ಮಾತ್ರ ಕೈಕೊಟ್ಟರೆ ಸ್ವಿಚ್‌ಗೆ ಸಂದೇಶ ಕೇಳಿಸದು. ಕೊಂಡಿ ಸತ್ತಿತೆಂದು ಭಾವಿಸಿ ಅದು ಮುಚ್ಚಿದ ಬಾಗಿಲನ್ನು ತೆರೆದುಬಿಡಬಹುದು. ಹೋಗುವ ಎಳೆ ಇನ್ನೂ ಜೀವಂತವಾಗಿರುವುದರಿಂದ ಸುತ್ತು ಏರ್ಪಟ್ಟು ಇಡೀ ಜಾಲ ಕುಸಿಯುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ!

ದೋಷ ಪತ್ತೆಯ ಬಗೆಗಳು

ಪರಿಹಾರ ಹಂತಹಂತವಾಗಿ ಬಂದಿದೆ. 2002ರ 10 ಗಿಗಾಬಿಟ್ ಮಾನಕದಲ್ಲಿ, ಸಂಕೇತ ಕಾಣದ ತುದಿಯು ಎದುರು ತುದಿಗೆ 'ನಿನ್ನ ದನಿ ಕೇಳುತ್ತಿಲ್ಲ' ಎಂದು ತಿಳಿಸುತ್ತದೆ. ಎರಡೂ ಕಡೆ ಕೊಂಡಿಯನ್ನು ಕೈಬಿಡುತ್ತವೆ. 2004ರ 802.3ಎಎಚ್ ಮಾನಕದನ್ವಯ, ವಿದ್ಯುತ್ ಕಡಿತಗೊಳ್ಳುತ್ತಿರುವ ಉಪಕರಣವು ಆರುವ ಮುನ್ನ ಕೊನೆಯ ಸುದ್ದಿ ಕಳುಹಿಸಬಲ್ಲದು. ನಡುವೆ ಹಲವು ಉಪಕರಣಗಳಿದ್ದರೆ 2007ರ 802.1ಎಜಿ ಮಾನಕ ನೆರವಾಗುತ್ತದೆ. ಇದರಲ್ಲಿ ದಾರಿಯ ಎರಡು ತುದಿಗಳು 3.33 ಮಿಲಿಸೆಕೆಂಡಿಗೊಮ್ಮೆಯೂ ಸಂದೇಶ ವಿನಿಮಯ ಮಾಡಿಕೊಳ್ಳಬಲ್ಲವು. ಹಾಗಿದ್ದಾಗ ಸುಮಾರು 12 ಮಿಲಿಸೆಕೆಂಡುಗಳಲ್ಲಿ ದೋಷ ಬಯಲಾಗುತ್ತದೆ.

ಪತ್ತೆಯಾದರಷ್ಟೇ ಸಾಲದು, ಅದು ಮೇಲಿನ ವ್ಯವಸ್ಥೆಗಳಿಗೆ ಕೂಡಲೇ ಮುಟ್ಟಬೇಕು. 2008ರಲ್ಲಿ ಬಂದ ಜಿ.8032 ಉಂಗುರ ರಕ್ಷಣಾ ವಿಧಾನವು ಈ ಸುದ್ದಿಯನ್ನು ಆಧರಿಸಿ 50 ಮಿಲಿಸೆಕೆಂಡುಗಳೊಳಗೆ ದಾರಿ ಬದಲಿಸುವ ಗುರಿ ಹೊಂದಿದೆ. ರೂಟರ್‌ಗಳ ಒಎಸ್‌ಪಿಎಫ್ ವಿಧಾನಕ್ಕೆ ಕೊಂಡಿ ಬಿದ್ದ ಸುದ್ದಿ ನೇರವಾಗಿ ತಲುಪಿದರೆ ಅದು ತಕ್ಷಣ ಎಚ್ಚೆತ್ತುಕೊಳ್ಳುತ್ತದೆ; ತಲುಪದಿದ್ದರೆ ಸಾಮಾನ್ಯ ಹೊಂದಾಣಿಕೆಯಲ್ಲಿ 40 ಸೆಕೆಂಡು ಕಾಯುತ್ತದೆ. ದೂರವಾಣಿ ಕರೆಯಲ್ಲಿರುವವರಿಗೆ ಇಷ್ಟು ದೀರ್ಘ ಮೌನವೆಂದರೆ ಕರೆ ಕಡಿದಂತೆಯೇ.

ಅವಸರವೂ ಸಲ್ಲದು

ಎರಡು ರಕ್ಷಣಾ ವ್ಯವಸ್ಥೆಗಳು ಒಂದೇ ದೋಷಕ್ಕೆ ಏಕಕಾಲದಲ್ಲಿ ಸ್ಪಂದಿಸಿದರೆ ಗೊಂದಲ ಖಚಿತ. ಆದ್ದರಿಂದ ಕೆಳಹಂತಕ್ಕೆ ಮೊದಲ ಅವಕಾಶ ಕೊಟ್ಟು ಮೇಲಿನದನ್ನು ತುಸು ತಡೆಹಿಡಿಯುವುದುಂಟು. ದುರಸ್ತಿಯಾದ ಕೊಂಡಿಗೂ ಜಿ.8032 ಕೂಡಲೇ ಮರಳುವುದಿಲ್ಲ. ಸಾಮಾನ್ಯವಾಗಿ 5 ನಿಮಿಷ ಪರೀಕ್ಷಿಸಿ ನೋಡುತ್ತದೆ.

ಹೀಗಾಗಿ, ಎರಡನೇ ದಾರಿಗೆ ಹಣ ಹಾಕುವ ಸಂಸ್ಥೆಗಳು ಕೊಂಡಿಯ ಒಂದೇ ಎಳೆಯನ್ನು ಕಿತ್ತು ನೋಡುವ ಪರೀಕ್ಷೆಯನ್ನೂ ಜಾಲ ಬಳಕೆಗೆ ಬರುವ ಮುನ್ನವೇ ಮುಗಿಸಿಕೊಳ್ಳುವುದು ಲೇಸು.