ಗೆಡ್ಡೆಯ ಅಂಗಾಂಶ ಮತ್ತು ವಿದ್ಯುತ್ ನೆರವಿನ ವಂಶವಾಹಿ ಸಾಗಣೆ

ಜೀವಕೋಶವನ್ನು ಕ್ಷಣಮಾತ್ರದ ಪ್ರಬಲ ವಿದ್ಯುತ್ ಸ್ಪಂದಗಳಿಗೆ ಒಡ್ಡಿದಾಗ ಅದರ ಪೊರೆಯು ತಾತ್ಕಾಲಿಕವಾಗಿ ಸಡಿಲಗೊಂಡು, ಸಾಮಾನ್ಯವಾಗಿ ಒಳಬಿಡದ ಅಣುಗಳಿಗೂ ಎಡೆಗೊಡುತ್ತದೆ. 1982ರಲ್ಲಿ ಎಬರ್‌ಹಾರ್ಡ್ ನ್ಯೂಮನ್ ಮತ್ತು ಸಂಗಡಿಗರು ಈ ಮಾರ್ಗದಿಂದ ಇಲಿಯ ಜೀವಕೋಶಗಳೊಳಕ್ಕೆ ವಂಶವಾಹಿಯನ್ನು ಸೇರಿಸಿ ತೋರಿಸಿದರು. ದ್ರವದಲ್ಲಿ ತೇಲುವ ಬಿಡಿ ಕೋಶಗಳಲ್ಲಿ ಹೀಗೆ ಸಾಧ್ಯವಾದುದು ಕ್ಯಾನ್ಸರ್ ಗೆಡ್ಡೆಯಲ್ಲಿ ಅಷ್ಟೇ ಸುಲಭವಾಗಿ ಕೈಗೂಡುವುದಿಲ್ಲ. ಇದರ ಕಾರಣವನ್ನು ಪೊರೆಯಲ್ಲಿ ಮಾತ್ರ ಹುಡುಕುವುದು ಸಾಲದು. ಪೊರೆಯವರೆಗಿನ ದಾರಿಯನ್ನೂ ಪರಿಶೀಲಿಸಬೇಕು.

ಮೊದಲು ಪೊರೆಯ ವಿಚಾರ. ಗೋಳಾಕಾರದ ಒಂಟಿ ಕೋಶದ ಪೊರೆಯ ಮೇಲೆ ಉಂಟಾಗುವ ಗರಿಷ್ಠ ವಿಭವಾಂತರವು ಕ್ಷೇತ್ರದ ತೀವ್ರತೆ ಮತ್ತು ಕೋಶದ ತ್ರಿಜ್ಯ ಇವೆರಡರ ಗುಣಲಬ್ಧದ ಒಂದೂವರೆ ಪಟ್ಟು. ಸೆಂಟಿಮೀಟರಿಗೆ 500 ವೋಲ್ಟ್ ಕ್ಷೇತ್ರದಲ್ಲಿ 10 ಮೈಕ್ರೊಮೀಟರ್ ತ್ರಿಜ್ಯದ ಕೋಶಕ್ಕೆ ಇದು 0.75 ವೋಲ್ಟ್, 5 ಮೈಕ್ರೊಮೀಟರಿನದಕ್ಕೆ ಅದರ ಅರ್ಧ. ಒತ್ತೊತ್ತಾಗಿರುವ ಕೋಶಗಳು ಒಂದಕ್ಕೊಂದು ಮರೆಯಾಗುವುದರಿಂದ ಈ ಮೌಲ್ಯ ಇನ್ನೂ ತಗ್ಗುತ್ತದೆ. ಕನ್ನಡದಲ್ಲಿ ನಾವು 'ಗೆಡ್ಡೆ' ಎನ್ನುವಾಗ ಸುವರ್ಣಗೆಡ್ಡೆಯಂತೆ ಒಳಗೆಲ್ಲ ಏಕರೂಪವಾದ ವಸ್ತುವೊಂದು ಮನಸ್ಸಿಗೆ ಬರುತ್ತದೆ. ವಾಸ್ತವದಲ್ಲಿ ಅದರೊಳಗೆ ಸತ್ತ ಭಾಗ, ರಕ್ತನಾಳಗಳು ತುಂಬಿದ ಭಾಗ, ನಾರುಗಟ್ಟಿದ ಭಾಗ ಎಲ್ಲವೂ ಇದ್ದು, ಒಂದೊಂದರ ವಿದ್ಯುದ್ವಾಹಕತೆಯೂ ಬೇರೆ. ಆದುದರಿಂದ ಸೂಜಿಗಳ ನಡುವೆ ಸಮನಾದ ಕ್ಷೇತ್ರವಿದೆಯೆಂದು ಭಾವಿಸುವಂತಿಲ್ಲ.

ಪೊರೆ ತೆರೆದುಕೊಂಡರೂ ಡಿ.ಎನ್.ಎ. ಅಲ್ಲಿಗೆ ಬಂದಿರಬೇಕಷ್ಟೆ. ವಿದ್ಯುತ್ ನೆರವಿನಿಂದ ನೀಡುವ ಬ್ಲಿಯೊಮೈಸಿನ್ ಔಷಧದ ಅಣುತೂಕ ಸುಮಾರು 1,400. ಐದು ಸಾವಿರ ಜೋಡಿ ಪ್ರತ್ಯಾಮ್ಲಗಳ ಪ್ಲಾಸ್ಮಿಡ್‌ನದು ಮೂವತ್ತು ಲಕ್ಷಕ್ಕೂ ಮಿಗಿಲು. ಕೋಶಗಳ ನಡುವಿನ ಕೊಲಾಜೆನ್ ನಾರುಗಳ ಜಾಲದಲ್ಲಿ ಇಂಥ ಅಣು ತಾನಾಗಿ ವಿಸರಿಸುವುದು ಅತಿ ನಿಧಾನ. ಅದು ಋಣ ವಿದ್ಯುದಂಶವುಳ್ಳದ್ದಾದುದರಿಂದ ದೀರ್ಘ ಸ್ಪಂದಗಳು ಅದನ್ನು ಧನ ಧ್ರುವದತ್ತ ಎಳೆಯಬಲ್ಲವು. ಎಷ್ಟು ದೂರ? ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಫ್ಯಾನ್ ಯುವಾನ್ ಮತ್ತು ಸಂಗಡಿಗರು 2002ರಲ್ಲಿ ಇದನ್ನೇ ಅಳೆದರು. ಸೆಂಟಿಮೀಟರಿಗೆ 233 ವೋಲ್ಟಿನ, ತಲಾ 50 ಮಿಲಿಸೆಕೆಂಡಿನ ಹತ್ತು ಸ್ಪಂದಗಳಿಗೆ ಇಲಿಯ ಮೆಲನೋಮಾ ಗೆಡ್ಡೆಯಲ್ಲಿ ಡಿ.ಎನ್.ಎ. ಚಲಿಸಿದ್ದು ಸರಾಸರಿ 1.47 ಮೈಕ್ರೊಮೀಟರ್, ಸ್ತನ ಕ್ಯಾನ್ಸರಿನ ಗೆಡ್ಡೆಯಲ್ಲಿ 0.35 ಮಾತ್ರ. ಕ್ಷೇತ್ರವನ್ನು ಇಮ್ಮಡಿಗೊಳಿಸಿದಾಗ ಅವು ಕ್ರಮವಾಗಿ 3.69 ಮತ್ತು 1.01 ಆದವು. ಎರಡನೆಯ ಗೆಡ್ಡೆಯಲ್ಲಿ ಕೊಲಾಜೆನ್ ಸುಮಾರು ಎಂಟು ಪಟ್ಟು ಹೆಚ್ಚಿತ್ತು.

ಈ ಅಂಕಿಗಳು ಗಮನಾರ್ಹ. ಅತ್ಯುತ್ತಮ ಸಂದರ್ಭದಲ್ಲಿಯೂ ಡಿ.ಎನ್.ಎ. ಒಂದು ಕೋಶದ ಅಗಲದಷ್ಟೂ ಸರಿಯಲಿಲ್ಲ! ಹತ್ತಿರದಲ್ಲಿರುವುದನ್ನು ಪೊರೆಗೆ ಒತ್ತುವ ಕೆಲಸವನ್ನು ವಿದ್ಯುತ್ತು ಮಾಡಬಲ್ಲದೇ ಹೊರತು ಗೆಡ್ಡೆಯ ಉದ್ದಗಲಕ್ಕೂ ಹಂಚುವ ಕೆಲಸವನ್ನಲ್ಲ. ಹಂಚಿಕೆಯ ಹೊಣೆ ಚುಚ್ಚುಮದ್ದಿನದೇ. ಅದಕ್ಕೂ ಗೆಡ್ಡೆಯೊಳಗಿನ ಅಧಿಕ ದ್ರವ ಒತ್ತಡ ಅಡ್ಡಿಯಾಗುತ್ತದೆ. ಹೀಗಿರುವಾಗ ವೋಲ್ಟೇಜನ್ನಷ್ಟೇ ಏರಿಸುತ್ತ ಹೋಗುವುದು ಕೋಶಗಳನ್ನು ಕೊಲ್ಲುವ ದಾರಿಯೆಂದು ನನ್ನ ಅಭಿಪ್ರಾಯ. ಸತ್ತ ಕೋಶ ಪ್ರೋಟೀನನ್ನು ತಯಾರಿಸಲಾರದು.

ಜಾಲವನ್ನೇ ಸಡಿಲಿಸುವುದು ಇನ್ನೊಂದು ಉಪಾಯ. ಸ್ಲೊವೇನಿಯದ ಲ್ಯೂಬ್ಲಿಯಾನದಲ್ಲಿ ಮಾಯಾ ಚೆಮಾಜಾರ್ ಮತ್ತು ಸಂಗಡಿಗರು ಕೊಲಾಜಿನೇಸ್ ಹಾಗೂ ಹಯಲುರೊನಿಡೇಸ್ ಕಿಣ್ವಗಳನ್ನು ಮೊದಲೇ ಚುಚ್ಚಿ, ಇಲಿಗಳ ಕೆಲವು ಗೆಡ್ಡೆಗಳಲ್ಲಿ ವಂಶವಾಹಿ ಸಾಗಣೆ ಹೆಚ್ಚುವುದನ್ನು 2012ರಲ್ಲಿ ವರದಿ ಮಾಡಿದರು. ಕ್ಯಾನ್ಸರ್ ಕೋಶಗಳನ್ನು ಹಿಡಿದಿಟ್ಟಿರುವ ಜಾಲವನ್ನು ಕರಗಿಸುವಾಗ ಅವು ಹರಡದಂತೆ ಎಚ್ಚರವಹಿಸಬೇಕಾಗುತ್ತದೆಂಬುದನ್ನು ಮರೆಯಲಾಗದು.

ಪ್ರತಿ ಕೋಶವನ್ನೂ ತಲುಪಲೇಬೇಕಾಗಿಲ್ಲದ ವಂಶವಾಹಿಯನ್ನು ಆರಿಸಿಕೊಳ್ಳುವುದು ಮೂರನೆಯ ದಾರಿ. ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ಇಂಟರ್‌ಲ್ಯೂಕಿನ್-12 ಅಂಥದು. ಕೆಲವೇ ಕೋಶಗಳು ಅದನ್ನು ಸ್ರವಿಸಿದರೂ ಪರಿಣಾಮ ಆಚೆಗೂ ಮುಟ್ಟಬಹುದು. ಹರಡಿದ ಮೆಲನೋಮಾದ 24 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಿದ್ಯುತ್ತು ಸೋಕದ ದೂರದ ಗೆಡ್ಡೆಗಳಿದ್ದು ಬೇರೆ ಚಿಕಿತ್ಸೆ ಪಡೆಯದ 19 ಮಂದಿಯ ಪೈಕಿ ಇಬ್ಬರಲ್ಲಿ ಆ ಗೆಡ್ಡೆಗಳೂ ಸಂಪೂರ್ಣವಾಗಿ ಕರಗಿದವು.