ಜೀರ್ಣೋದ್ಧಾರವೋ ನವಪ್ರತಿಷ್ಠೆಯೋ: ವಿಮಾನಚಾಲಕರ ಸಂಘಗಳೂ ಕನ್ನಡನಾಡಿನ ಸಾರಿಗೆ ನೌಕರರೂ

೨೦೨೧ನೆಯ ಇಸವಿ ಏಪ್ರಿಲ್ ತಿಂಗಳ ೭ನೆಯ ತಾರೀಖು ಮೈಸೂರು ನಗರದಲ್ಲಿಯೂ ರಾಜ್ಯದ ಇತರ ಊರುಗಳಲ್ಲಿಯೂ ಸರ್ಕಾರಿ ಬಸ್ಸುಗಳ ಓಡಾಟವು ಬಹುಮಟ್ಟಿಗೆ ನಿಂತುಹೋಯಿತು. ಆರನೆಯ ವೇತನ ಆಯೋಗದ ಪ್ರಮಾಣದಂತೆ ತಮಗೂ ಸಂಬಳ ದೊರೆಯಬೇಕೆಂದು ನಾಲ್ಕು ಸಾರಿಗೆ ನಿಗಮಗಳ ನೌಕರರು ಅಂದು ಅನಿರ್ದಿಷ್ಟ ಕಾಲದ ಮುಷ್ಕರವನ್ನು ಹೂಡಿದ್ದರು. ಸರ್ಕಾರವು ಖಾಸಗಿ ಬಸ್ಸುಗಳಿಗೆ ತನ್ನ ನಿಲ್ದಾಣಗಳನ್ನೇ ತೆರೆದುಕೊಟ್ಟಿತ್ತು. ಇದರಲ್ಲಿ ವಿಶೇಷವಾಗಿ ಗಮನಿಸತಕ್ಕದ್ದೊಂದುಂಟು. ಮುಷ್ಕರದ ಕರೆಯನ್ನು ಕೊಟ್ಟದ್ದು ದಶಕಗಳಿಂದ ಈ ನೌಕರರ ಪರವಾಗಿ ಆಡಳಿತವರ್ಗದೊಡನೆ ಮಾತುಕತೆ ನಡಸುತ್ತ ಬಂದಿದ್ದ ಹಳೆಯ ಫೆಡರೇಷನ್ ಅಲ್ಲ. ಅದರ ಪಕ್ಕದಲ್ಲಿ ಹೊಸದಾಗಿ ಎದ್ದುನಿಂತ ನೌಕರರ ಕೂಟ. ಸಂಘವೊಂದು ಸೊರಗಿದಾಗ ಅದನ್ನು ತಿದ್ದಿ ನಿಲ್ಲಿಸಬೇಕೆ, ಇಲ್ಲವೆ ಬಿಟ್ಟು ಬೇರೊಂದನ್ನು ಕಟ್ಟಬೇಕೆ ಎಂಬ ಪ್ರಶ್ನೆಯು ಹೀಗೆ ಈ ನಾಡಿನ ಡಿಪೋಗಳಲ್ಲಿಯೇ ಹುಟ್ಟಿತು. ಆಕಾಶದಲ್ಲಿ ವಿಮಾನ ನಡಸುವವರ ಸಂಘಗಳಲ್ಲಿ ಇದೇ ಪ್ರಶ್ನೆಯು ಬಹುಕಾಲದಿಂದ ಚರ್ಚೆಗೊಳಗಾಗಿದೆ. ಅಲ್ಲಿಯ ಅನುಭವದೊಡನೆ ಇಟ್ಟುನೋಡಿದಲ್ಲದೆ ಇಲ್ಲಿಯ ಪ್ರಶ್ನೆಯ ತಿರುಳು ತಿಳಿಯುವುದಿಲ್ಲ.

ದೇವಾಲಯದ ವಿಷಯದಲ್ಲಿ ಆಗಮಶಾಸ್ತ್ರವು ಇಂಥ ಪ್ರಶ್ನೆಗೆ ಒಂದು ಕ್ರಮವನ್ನು ವಿಧಿಸಿದೆ. ಬಿಂಬವು ಜೀರ್ಣವಾದರೆ ಅದನ್ನು ಸುಮ್ಮನೆ ತೆಗೆದೊಗೆಯುವಂತಿಲ್ಲ. ಮೊದಲು ಕಲಾಕರ್ಷಣದಿಂದ ಬಿಂಬದ ಶಕ್ತಿಯನ್ನು ಕಲಶಕ್ಕೆ ತಂದು ಬಾಲಾಲಯದಲ್ಲಿ ಇರಿಸಬೇಕು. ಆಮೇಲೆ ಹಳೆಯ ಬಿಂಬವನ್ನೇ ಸರಿಪಡಿಸಿದರೂ ಸರಿಯೆ, ಹೊಸದನ್ನು ಸ್ಥಾಪಿಸಿದರೂ ಸರಿಯೆ. ಮುಖ್ಯವಾದದ್ದು ಕಲ್ಲಲ್ಲ, ಶಕ್ತಿಯು ಒಂದರಿಂದ ಇನ್ನೊಂದಕ್ಕೆ ಸಾಗುವ ಮಾರ್ಗ. ನೌಕರರ ಸಂಘಕ್ಕೆ ಈ ಶಕ್ತಿ ಯಾವುದೆಂದರೆ, ಎಲ್ಲರ ಪರವಾಗಿ ಮಾತನಾಡಿ ಒಪ್ಪಂದಕ್ಕೆ ರುಜು ಹಾಕುವ ಅಧಿಕಾರ, ಎಂದರೆ ಮಾನ್ಯತೆ. ಹಳೆಯ ಸಂಘದಿಂದ ಹೊಸದಕ್ಕೆ ಮಾನ್ಯತೆಯು ಸಾಗುವ ದಾರಿಯಿದ್ದಲ್ಲಿ ಮಾತ್ರ ‘ತಿದ್ದುವುದೋ ಬದಲಿಸುವುದೋ’ ಎಂಬ ಚರ್ಚೆಗೆ ಅರ್ಥವುಂಟು. ದಾರಿಯಿಲ್ಲದಲ್ಲಿ ಬದಲಾವಣೆಯೆಂದು ಹೊರಟದ್ದು ಬರಿಯ ಹೆಚ್ಚಳವಾಗಿ ಪರಿಣಮಿಸುತ್ತದೆ.

ವಿಮಾನಚಾಲಕನ ವೃತ್ತಿಯಲ್ಲಿ ಸಂಘವು ಇಷ್ಟು ತೀಕ್ಷ್ಣವಾದ ಜಗಳಕ್ಕೆ ಎಡೆಯಾಗುವುದೇಕೆಂಬುದನ್ನು ಮೊದಲು ಹೇಳಬೇಕು. ಅವನ ಬಾಳೆಲ್ಲ ಹಿರಿತನದ ಪಟ್ಟಿಯೊಂದರಲ್ಲಿ ಅಡಗಿದೆ. ಯಾವ ವಿಮಾನ, ಯಾವ ಮಾರ್ಗ, ಯಾವ ದಿನ ರಜೆ, ಸಹಚಾಲಕನು ಕ್ಯಾಪ್ಟನ್ ಆಗುವುದು ಯಾವಾಗ, ಕೆಲಸ ಕಡಮೆಯಾದಾಗ ಮನೆಗೆ ಹೋಗತಕ್ಕವರಾರು, ಎಲ್ಲವನ್ನೂ ಆ ಪಟ್ಟಿಯ ಸಂಖ್ಯೆಯೇ ತೀರ್ಮಾನಿಸುತ್ತದೆ. ಒಂದು ಕಂಪನಿಯನ್ನು ಬಿಟ್ಟು ಇನ್ನೊಂದಕ್ಕೆ ಹೋದವನು ಇಪ್ಪತ್ತು ವರ್ಷದ ಅನುಭವವಿದ್ದರೂ ಸಾಮಾನ್ಯವಾಗಿ ಅಲ್ಲಿಯ ಪಟ್ಟಿಯ ತಳದಲ್ಲಿ ನಿಲ್ಲಬೇಕು. ಆದಕಾರಣ ಅತೃಪ್ತನಾದ ವೈಮಾನಿಕನು ಕಂಪನಿಯನ್ನು ಬಿಡಲಾರ. ಅವನ ಕೋಪವೆಲ್ಲ ಸಂಘದ ಮೇಲೆ ತಿರುಗುತ್ತದೆ.

ಅಮೆರಿಕದ ವಿಮಾನಚಾಲಕರ ಮುಖ್ಯ ಸಂಘವಾದ ಏರ್ ಲೈನ್ ಪೈಲಟ್ಸ್ ಅಸೋಸಿಯೇಷನ್ ೧೯೩೧ರಲ್ಲಿ ಡೇವಿಡ್ ಬೆಂಕಿ ಎಂಬಾತನ ನಾಯಕತ್ವದಲ್ಲಿ ಸ್ಥಾಪಿತವಾಯಿತು. ಇಪ್ಪತ್ತು ವರ್ಷ ಅದನ್ನು ಆಳಿದ ಆ ಸ್ಥಾಪಕನನ್ನೇ ೧೯೫೧ರಲ್ಲಿ ಸದಸ್ಯರು ಅಧ್ಯಕ್ಷಪದವಿಯಿಂದ ಇಳಿಸಿದರು, ಸಂಘವು ಉಳಿಯಿತು. ಇದು ಜೀರ್ಣೋದ್ಧಾರದ ಮಾದರಿ. ೧೯೬೩ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಕಂಪನಿಯ ಚಾಲಕರು ಮಾತೃಸಂಘದಿಂದ ಹೊರಬಂದು ಅಲೈಡ್ ಪೈಲಟ್ಸ್ ಅಸೋಸಿಯೇಷನ್ ಎಂಬುದನ್ನು ಕಟ್ಟಿದರು. ಅದು ಇಂದಿಗೂ ನಡೆಯುತ್ತಿದೆ. ಇದು ನವಪ್ರತಿಷ್ಠೆಯ ಮಾದರಿ. ಎರಡೂ ಸಾಧ್ಯವಾದದ್ದು ಆ ದೇಶದ ಶಾಸನದಿಂದ. ೧೯೨೬ರ ರೈಲ್ವೆ ಕಾರ್ಮಿಕ ಶಾಸನವನ್ನು ೧೯೩೬ರಲ್ಲಿ ವಿಮಾನ ಕಂಪನಿಗಳಿಗೂ ಅನ್ವಯಿಸಿದರು. ಅದರಂತೆ ಒಂದು ಕಂಪನಿಯ ಒಂದು ವೃತ್ತಿವರ್ಗಕ್ಕೆ ಒಂದೇ ಪ್ರತಿನಿಧಿಸಂಘ. ಅದು ಯಾವುದೆಂಬುದನ್ನು ಸರ್ಕಾರದ ಮಂಡಲಿಯೊಂದು ನೌಕರರ ಮತದಿಂದ ನಿರ್ಣಯಿಸುತ್ತದೆ. ಗೆದ್ದ ಸಂಘಕ್ಕೆ ಅಧಿಕಾರವೆಲ್ಲ ಸಲ್ಲುತ್ತದೆ. ಸೋತದ್ದಕ್ಕೆ ಏನೂ ಇಲ್ಲ.

ಆದರೆ ಶಕ್ತಿ ಸಾಗಿದ ಮಾತ್ರಕ್ಕೆ ಕಾರ್ಯ ಸಿದ್ಧಿಸಿತೆಂದು ತಿಳಿಯಲಾಗದು. ೨೦೦೫ರಲ್ಲಿ ಯು.ಎಸ್. ಏರ್‌ವೇಸ್ ಮತ್ತು ಅಮೆರಿಕ ವೆಸ್ಟ್ ಎಂಬ ಎರಡು ಕಂಪನಿಗಳು ಒಂದಾದುವು. ಎರಡು ಪಟ್ಟಿಗಳನ್ನು ಹೆಣೆದು ಒಂದು ಮಾಡುವ ಕೆಲಸವು ಜಾರ್ಜ್ ನಿಕೊಲಾವ್ ಎಂಬ ಮಧ್ಯಸ್ಥನ ಪಾಲಿಗೆ ಬಂದಿತು. ೨೦೦೭ರಲ್ಲಿ ಆತನು ತೀರ್ಪನ್ನಿತ್ತನು. ಹಳೆಯ ಯು.ಎಸ್. ಏರ್‌ವೇಸಿನಲ್ಲಿ ಹಲವು ವರ್ಷ ದುಡಿದು, ಕಂಪನಿಯ ದುಃಸ್ಥಿತಿಯಿಂದ ಮನೆಯಲ್ಲಿ ಕುಳಿತಿದ್ದವರು ಆ ಪಟ್ಟಿಯಲ್ಲಿ ನಿನ್ನೆಮೊನ್ನೆ ಸೇರಿದವರಿಗಿಂತ ಕೆಳಗೆ ಬಿದ್ದರು. ತೀರ್ಪು ನ್ಯಾಯವೋ ಅನ್ಯಾಯವೋ ಎಂಬುದು ಬೇರೆ ಮಾತು. ಈ ಪೂರ್ವಭಾಗದವರು ಸಂಖ್ಯೆಯಲ್ಲಿ ಪಶ್ಚಿಮದವರಿಗಿಂತ ಬಹಳ ಹೆಚ್ಚಾಗಿದ್ದರು. ಅವರು ತಮ್ಮದೇ ಸಂಘವೊಂದನ್ನು ರಚಿಸಿ ೨೦೦೮ರ ಏಪ್ರಿಲಿನಲ್ಲಿ ಮತ ಪಡೆದು ಮಾತೃಸಂಘವನ್ನು ಹೊರದೂಡಿದರು. ತೀರ್ಪನ್ನು ಆಚರಣೆಗೆ ತರದಿರುವುದೇ ಹೊಸ ಸಂಘದ ಮೂಲೋದ್ದೇಶ. ಅದು ನೆರವೇರಿತು, ಆದರೆ ಅದರಾಚೆಗೆ ಹೆಚ್ಚೇನೂ ನೆರವೇರಲಿಲ್ಲ. ಪೂರ್ವ ಪಶ್ಚಿಮದ ಚಾಲಕರು ಬೇರೆ ಬೇರೆ ಕರಾರುಗಳ ಕೆಳಗೆ ವರ್ಷಗಟ್ಟಲೆ ದುಡಿದರು, ವ್ಯಾಜ್ಯಗಳು ಬೆಳೆದುವು. ೨೦೧೩ರಲ್ಲಿ ಕಂಪನಿಯು ಅಮೆರಿಕನ್ ಏರ್‌ಲೈನ್ಸಿನೊಡನೆ ಸೇರಿತು. ೨೦೧೪ರಲ್ಲಿ ಪ್ರಾತಿನಿಧ್ಯವು ೧೯೬೩ರ ಆ ಅಲೈಡ್ ಸಂಘಕ್ಕೆ ಹೋಯಿತು. ಪೂರ್ವದವರ ಸಂಘವು ಆರು ವರ್ಷ ಬದುಕಿ ಅಧಿಕಾರವನ್ನು ಕಳೆದುಕೊಂಡಿತು. ಎಲ್ಲ ಸದಸ್ಯರನ್ನೂ ನ್ಯಾಯವಾಗಿ ಪ್ರತಿನಿಧಿಸುವ ಕರ್ತವ್ಯಕ್ಕೆ ಅದು ತಪ್ಪಿತೆಂದು ೨೦೧೫ರಲ್ಲಿ ಮೇಲ್ಮನವಿಯ ನ್ಯಾಯಾಲಯವು ತೀರ್ಮಾನಿಸಿತು. ಒಂದು ಪಂಗಡದ ಅಳಲಿನಿಂದ ಹುಟ್ಟಿದ ಸಂಘವು ಬಹುಮತವನ್ನು ಗಳಿಸಿಯೂ ಎಲ್ಲರ ಸಂಘವಾಗದೆ ಹೋಯಿತು.

ಹೋದವರು ಮರಳಿ ಬಂದ ನಿದರ್ಶನಗಳೂ ಉಂಟು. ಫೆಡೆಕ್ಸ್ ಕಂಪನಿಯ ಚಾಲಕರು ೧೯೯೬ರಲ್ಲಿ ಮಾತೃಸಂಘವನ್ನು ಬಿಟ್ಟು ೨೦೦೨ರಲ್ಲಿ ಮತ್ತೆ ಸೇರಿದರು. ಏರ್ ಕೆನಡಾದವರು ೧೯೯೫ರಲ್ಲಿ ತಮ್ಮ ದೇಶದ ಚಾಲಕರ ಸಂಘದಿಂದ ಬೇರೆಯಾಗಿದ್ದರು. ಆ ಸಂಘವು ಮುಂದೆ ಅಮೆರಿಕದ ಮಾತೃಸಂಘದಲ್ಲಿ ಲೀನವಾಗಿತ್ತು. ೨೦೨೩ರಲ್ಲಿ ಇವರೂ ಅದನ್ನೇ ಸೇರಿದರು.

ಭಾರತದ ಸ್ಥಿತಿಯು ಬೇರೆ. ೧೯೨೬ರ ಕಾರ್ಮಿಕ ಸಂಘಗಳ ಶಾಸನವು ಏಳು ಮಂದಿ ಸೇರಿದರೆ ಸಂಘವನ್ನು ನೋಂದಾಯಿಸಬಹುದೆಂದು ಹೇಳಿತು; ೨೦೦೧ರ ತಿದ್ದುಪಡಿಯು ಸಂಸ್ಥೆಯ ನೌಕರರಲ್ಲಿ ನೂರಕ್ಕೆ ಹತ್ತು ಮಂದಿ, ಇಲ್ಲವೆ ನೂರು ಮಂದಿ, ಇವೆರಡರಲ್ಲಿ ಕಡಮೆಯಾದಷ್ಟು ಬೇಕೆಂದಿತು. ಹುಟ್ಟುವುದು ಹೀಗೆ ಸುಲಭ. ಆದರೆ ಹುಟ್ಟಿದ ಸಂಘದೊಡನೆ ಮಾಲೀಕನು ಮಾತನಾಡಲೇಬೇಕೆಂದು ಆ ಶಾಸನದಲ್ಲಿ ಎಲ್ಲಿಯೂ ಇಲ್ಲ. ಕಡ್ಡಾಯದ ಮಾನ್ಯತೆಗಾಗಿ ೧೯೪೭ರಲ್ಲಿ ಮಾಡಿದ ತಿದ್ದುಪಡಿಯು ಅಂಗೀಕೃತವಾಗಿಯೂ ಜಾರಿಗೆ ಬರಲಿಲ್ಲ. ೧೯೫೮ರ ಶಿಸ್ತಿನ ಸಂಹಿತೆಯು ಮಾನ್ಯತೆಯ ನಿಯಮಗಳನ್ನು ಹೇಳಿತಾದರೂ ಅದು ಒಡಂಬಡಿಕೆಯೇ ಹೊರತು ಕಾನೂನಲ್ಲ. ಆದ್ದರಿಂದ ಬಹುಭಾಗ ಮಾನ್ಯತೆಯೆಂಬುದು ದಾನವಾಗಿಯೇ ಉಳಿಯಿತು. ಕದಂಬ ಮೃಗೇಶವರ್ಮನು ಯಾಪನೀಯರು, ನಿರ್ಗ್ರಂಥರು, ಕೂರ್ಚಕರು ಎಂಬ ಮೂರು ಪಂಗಡಗಳಿಗೂ ಒಟ್ಟಿಗೆ ದತ್ತಿ ಬಿಟ್ಟುದನ್ನು ಹಲಸಿಯ ತಾಮ್ರಶಾಸನದಲ್ಲಿ ಓದಿದವರಿಗೆ ಈ ಪದ್ಧತಿಯು ಹೊಸದೆಂದು ತೋರದು: ದಾನಿಯು ಒಬ್ಬ, ಸಂಘಗಳು ಹಲವು. ಭೇದವಿಷ್ಟೆ: ಅರಸನು ಕೊಟ್ಟದ್ದು ಆಚಂದ್ರಾರ್ಕವಾಗಿ; ಕಂಪನಿಯು ಕೊಟ್ಟದ್ದನ್ನು ಮರುದಿನವೇ ಹಿಂದಕ್ಕೆ ಪಡೆಯಬಹುದು.

ಏರ್ ಇಂಡಿಯಾದ ಇತಿಹಾಸವು ಇದಕ್ಕೆ ಸಾಕ್ಷಿ. ಅಲ್ಲಿಯ ಚಾಲಕರದು ಇಂಡಿಯನ್ ಪೈಲಟ್ಸ್ ಗಿಲ್ಡ್. ಇಂಡಿಯನ್ ಏರ್‌ಲೈನ್ಸಿನವರದು ಇಂಡಿಯನ್ ಕಮರ್ಷಿಯಲ್ ಪೈಲಟ್ಸ್ ಅಸೋಸಿಯೇಷನ್. ೨೦೦೭ರಲ್ಲಿ ಕಂಪನಿಗಳು ಒಂದಾದುವು, ಸಂಘಗಳು ಒಂದಾಗಲಿಲ್ಲ. ೨೦೧೧ರ ಏಪ್ರಿಲ್ ಕೊನೆಯಲ್ಲಿ ಸಮಾನ ವೇತನಕ್ಕಾಗಿ ಎರಡನೆಯ ಸಂಘದವರು ಮುಷ್ಕರ ಹೂಡಿದಾಗ ಆಡಳಿತವರ್ಗವು ಅದರ ಮಾನ್ಯತೆಯನ್ನು ರದ್ದುಮಾಡಿ ಕಚೇರಿಗಳಿಗೆ ಬೀಗಮುದ್ರೆ ಹಾಕಿತು. ಮರುವರ್ಷ ಡ್ರೀಮ್‌ಲೈನರ್ ವಿಮಾನದ ತರಬೇತಿ ಯಾರಿಗೆಂಬ ವಿವಾದದಲ್ಲಿ ಗಿಲ್ಡಿನವರು ಕೆಲಸ ನಿಲ್ಲಿಸಿದರು. ಅದರ ಮಾನ್ಯತೆಯೂ ಹೋಯಿತು. ಆ ಮುಷ್ಕರವು ೫೮ ದಿನ ನಡೆದು ೨೦೧೨ರ ಜುಲೈ ೩ರಂದು ಮುಗಿಯಿತು. ಒಂದು ಸಂಘವು ಬೀದಿಯಲ್ಲಿದ್ದಾಗ ಇನ್ನೊಂದು ವಿಮಾನ ನಡಸುತ್ತಿತ್ತು. ಕಂಪನಿಯು ಖಾಸಗಿಯವರ ಕೈಸೇರಿದ ಬಳಿಕ, ೨೦೨೩ರ ಏಪ್ರಿಲಿನಲ್ಲಿ ಹೊಸ ವೇತನಕ್ರಮವನ್ನು ಇವೆರಡೂ ಕೂಡಿ ವಿರೋಧಿಸಿದುವು. ಜಗಳವಾಡಲು ಸಮಯವಿದ್ದಾಗ ಒಂದಾಗದವರು ಹೀಗೆ ತಡವಾಗಿ ಒಂದಾದರು.

ಈಗ ಮೈಸೂರಿನ ರಸ್ತೆಗೆ ಮರಳಬಹುದು. ೧೯೪೮ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯಾಗಿ ೧೨೦ ಬಸ್ಸುಗಳೊಡನೆ ಆರಂಭವಾದದ್ದು ೧೯೬೧ರಲ್ಲಿ ನಿಗಮವಾಯಿತು. ಆರಂಭದಲ್ಲಿ ಸರ್ಕಾರದ ಇಲಾಖೆಯೇ ಆಗಿದ್ದುದು ನಿಗಮವಾದುದರಿಂದ ಚಾಲಕ ನಿರ್ವಾಹಕರು ಸರ್ಕಾರಿ ನೌಕರರಲ್ಲ. ನಾಲ್ಕು ವರ್ಷಕ್ಕೊಮ್ಮೆ ಕಾರ್ಮಿಕ ಸಂಘಗಳೊಡನೆ ಮಾತುಕತೆಯಾಗಿ ವೇತನ ಪರಿಷ್ಕಾರವಾಗುವುದು ರೂಢಿ. ಎ.ಐ.ಟಿ.ಯು.ಸಿ.ಗೆ ಸೇರಿದ ಸ್ಟಾಫ್ ಅಂಡ್ ವರ್ಕರ್ಸ್ ಫೆಡರೇಷನ್ ಬೆಳೆದದ್ದು ಈ ರೂಢಿಯಲ್ಲಿ. ೨೦೨೦ರ ಜನವರಿಯಲ್ಲಿ ನೆರೆಯ ಆಂಧ್ರದ ಸಾರಿಗೆ ನೌಕರರು ಸರ್ಕಾರಿ ನೌಕರರಾದರು. ಅದೇ ವರ್ಷದ ಡಿಸೆಂಬರ್ ೧೧ರಿಂದ ೧೪ರ ವರೆಗೆ ಇಲ್ಲಿ ನಡೆದ ಮುಷ್ಕರದ ಮುಖ್ಯ ಬೇಡಿಕೆಯೂ ಅದೇ. ಸರ್ಕಾರವು ಇತರ ಬೇಡಿಕೆಗಳಲ್ಲಿ ಬಹುಪಾಲನ್ನು ಒಪ್ಪಿ ಇದನ್ನು ಮಾತ್ರ ಒಪ್ಪಲಿಲ್ಲ.

ಹೀಗಿರಲು ಕೂಟಕ್ಕೂ ಫೆಡರೇಷನ್ನಿಗೂ ಇದ್ದ ಭೇದವು ನಾಯಕರ ಹೆಸರಿನದು ಮಾತ್ರವಲ್ಲ. ಸಂಬಳವು ಎಲ್ಲಿಂದ ಬರಬೇಕೆಂಬ ತತ್ತ್ವದ ಭೇದ. ಒಪ್ಪಂದದಿಂದ ಬರಬೇಕೆನ್ನುವವನು ಮುಷ್ಕರದ ಹಕ್ಕನ್ನು ಉಳಿಸಿಕೊಳ್ಳುತ್ತಾನೆ, ಆದರೆ ಪ್ರತಿ ನಾಲ್ಕು ವರ್ಷಕ್ಕೂ ಹೊಸದಾಗಿ ಹೋರಾಡಬೇಕು. ವೇತನ ಆಯೋಗದಿಂದ ಬರಬೇಕೆನ್ನುವವನು ನಿಶ್ಚಿಂತನಾಗುತ್ತಾನೆ, ಆದರೆ ಸರ್ಕಾರಿ ನೌಕರನಿಗೆ ಮುಷ್ಕರದ ಹಕ್ಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೦೩ರಲ್ಲಿಯೇ ಹೇಳಿದೆ. ಇಂಥ ಭೇದವನ್ನು ಹಳೆಯ ಸಂಘದ ಒಳಗೆ ಚುನಾವಣೆಯಿಂದ ಸರಿಪಡಿಸುವುದು ಕಷ್ಟವೆಂದು ಹೊಸಬರು ಬಗೆದದ್ದರಲ್ಲಿ ನ್ಯಾಯವಿಲ್ಲದಿಲ್ಲ. ಆದರೆ ಹಳೆಯದರಿಂದ ಬಿಡುಗಡೆಯೆಂದು ಹೊರಟವರು ಅದರ ಒಂದು ಅಭ್ಯಾಸವನ್ನು ಜೊತೆಗೇ ಕೊಂಡುಹೋದರು. ಹೊರಗಿನವರನ್ನು ಮುಂದಾಳಾಗಿ ಮಾಡುವುದು ಭಾರತದ ಕಾರ್ಮಿಕ ಸಂಘಗಳ ಹಳೆಯ ರೋಗ; ಅದಕ್ಕಾಗಿಯೇ ೨೦೦೧ರ ತಿದ್ದುಪಡಿಯು ಹೊರಗಿನ ಪದಾಧಿಕಾರಿಗಳ ಸಂಖ್ಯೆಯನ್ನು ಮೊಟಕು ಮಾಡಿತು. ಕೂಟಕ್ಕೂ ಗೌರವಾಧ್ಯಕ್ಷರಾಗಿ ದೊರೆತವರು ರೈತ ಚಳವಳಿಯ ಕೋಡಿಹಳ್ಳಿ ಚಂದ್ರಶೇಖರ್.

ಪರಿಣಾಮವೇನಾಯಿತು? ಸರ್ಕಾರವು ನೂರಕ್ಕೆ ಎಂಟರಷ್ಟು ಮಧ್ಯಂತರ ಹೆಚ್ಚಳ ಕೊಡುವೆನೆಂದಿತು, ಕೂಟವು ಒಪ್ಪಲಿಲ್ಲ. ಏಪ್ರಿಲ್ ೧೩ರ ಯುಗಾದಿಯು ಮುಷ್ಕರದ ನಡುವೆಯೇ ಬಂದು ಹೋಯಿತು. ಉಚ್ಚ ನ್ಯಾಯಾಲಯದ ಮಾತಿನ ಮೇಲೆ ಏಪ್ರಿಲ್ ೨೧ರಂದು ಬಸ್ಸುಗಳು ಮತ್ತೆ ಹೊರಟುವು. ವಜಾ, ಅಮಾನತು, ವರ್ಗಾವಣೆಗಳ ಏಟು ಸಾವಿರಾರು ಮಂದಿಗೆ ತಗಲಿತು. ಹದಿನೈದು ದಿನ ಎಲ್ಲರನ್ನೂ ನಿಲ್ಲಿಸಬಲ್ಲ ಬಲವು ಹೊಸ ಕೂಟಕ್ಕೆ ಇದ್ದಿತು. ನಿಂತವರನ್ನು ಆಮೇಲೆ ಕಾಯುವ ಸ್ಥಾನವು ಇರಲಿಲ್ಲ. ಹಳೆಯ ಸಂಘಗಳಿಗೆ ಸ್ಥಾನವಿದ್ದಿತು. ಅಂದು ಅವರ ಹಿಂದೆ ಜನವಿರಲಿಲ್ಲ.

೨೦೨೩ರ ಮಾರ್ಚಿನಲ್ಲಿ ಎರಡು ಬಣಗಳು ಬೇರೆ ಬೇರೆ ದಿನ ಮುಷ್ಕರ ಸಾರಿದುವು, ಒಂದು ೨೧ಕ್ಕೆ, ಇನ್ನೊಂದು ೨೪ಕ್ಕೆ. ನೂರಕ್ಕೆ ಹದಿನೈದರ ವೇತನ ಹೆಚ್ಚಳವು ಪ್ರಕಟವಾಗಿ ಎರಡೂ ನಡೆಯಲಿಲ್ಲ. ೨೦೨೫ರ ಆಗಸ್ಟ್ ೫ರಂದು, ಬಾಕಿ ಉಳಿದ ೩೮ ತಿಂಗಳ ಹಿಂಬಾಕಿಗಾಗಿ, ಸಂಘಗಳ ಜಂಟಿ ಕ್ರಿಯಾ ಸಮಿತಿಯು ಕರೆಕೊಟ್ಟ ಮುಷ್ಕರವೂ ನ್ಯಾಯಾಲಯದ ಆಜ್ಞೆಯಿಂದ ನಿಂತಿತು. ಕೂಡು ಎಂಬ ಧಾತುವಿನಿಂದ ಬಂದ ಕೂಟ, ಅದೇ ಕೂಟವನ್ನು ಒಳಗಿಟ್ಟುಕೊಂಡ ಒಕ್ಕೂಟ, ಇವೆರಡೂ ಬೇರೆ ಬೇರೆ ನಿಂತದ್ದು ಭಾಷೆಯನ್ನು ಬಲ್ಲವರಿಗೆ ವಿಚಿತ್ರವಾಗಿ ಕಾಣಬಹುದು. ಶಬ್ದಕ್ಕೆ ಇಂಥ ಅವಸ್ಥೆ ಬಂದದ್ದು ಇದೇ ಮೊದಲಲ್ಲ. ಜೈನರಲ್ಲಿ ಹಲವು ಕವಲುಗಳಾದ ಮೇಲೆ ಒಂದು ಕವಲೇ ತನ್ನನ್ನು ಮೂಲಸಂಘವೆಂದು ಕರೆದುಕೊಂಡಿತಷ್ಟೆ.

ಇನ್ನು ಮುಂದೆ ಈ ಚರ್ಚೆಯ ನೆಲೆಯು ಬದಲಾಗಬಹುದಾಗಿದೆ. ೨೦೨೦ರಲ್ಲಿ ಅಂಗೀಕೃತವಾದ ಕೈಗಾರಿಕಾ ಸಂಬಂಧಗಳ ಸಂಹಿತೆಯು ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂದಿದೆ. ಅದರಂತೆ ಹಲವು ಸಂಘಗಳಿರುವ ಸಂಸ್ಥೆಯಲ್ಲಿ, ಮಸ್ಟರ್ ರೋಲಿನಲ್ಲಿರುವ ನೌಕರರಲ್ಲಿ ನೂರಕ್ಕೆ ೫೧ ಮಂದಿಯ ಬೆಂಬಲವುಳ್ಳ ಸಂಘವೇ ಏಕಮಾತ್ರ ಮಾತುಕತೆಯ ಸಂಘ. ಅಷ್ಟು ಬೆಂಬಲವು ಯಾರಿಗೂ ಇಲ್ಲದಿದ್ದರೆ ನೂರಕ್ಕೆ ೨೦ಕ್ಕೆ ಕಡಮೆಯಿಲ್ಲದ ಬೆಂಬಲವುಳ್ಳ ಸಂಘಗಳೆಲ್ಲ ಒಂದು ಮಂಡಲಿಯಾಗಿ, ಇಪ್ಪತ್ತಕ್ಕೆ ಒಬ್ಬರಂತೆ ಪ್ರತಿನಿಧಿಗಳನ್ನು ಕಳುಹಿಸಬೇಕು. ಹಿಂದೆ ದಾನವಾಗಿದ್ದ ಮಾನ್ಯತೆಗೆ ಈಗ ಎಣಿಕೆಯ ಅಳತೆ ಬಂದಿದೆ. ಮುಷ್ಕರಕ್ಕೆ ಹದಿನಾಲ್ಕು ದಿನ ಮುಂಚಿತವಾಗಿ ತಿಳಿವಳಿಕೆ ಕೊಡಬೇಕೆಂಬ ಕಟ್ಟನ್ನೂ ಇದೇ ಸಂಹಿತೆಯು ಎಲ್ಲ ಕೈಗಾರಿಕೆಗಳಿಗೂ ಹಾಕಿದೆಯಾದುದರಿಂದ ಕಾರ್ಮಿಕ ಸಂಘಗಳು ಇದನ್ನು ಸಂತೋಷದಿಂದ ಬರಮಾಡಿಕೊಂಡಿಲ್ಲ. ಆದರೂ ಡಿಪೋದ ನಿರ್ವಾಹಕನಿಗೆ ಒಂದು ಹೊಸ ದಾರಿಯು ಇದರಲ್ಲಿ ತೆರೆದಿದೆ. ಹೊಸ ಕೂಟವನ್ನು ನೆಚ್ಚುವವರು ನೂರಕ್ಕೆ ೫೧ ಆಗಿದ್ದರೆ ಹಳೆಯ ಫೆಡರೇಷನ್ನಿನ ಸ್ಥಾನವು ನಿಜವಾಗಿಯೂ ಅದಕ್ಕೆ ಬರುತ್ತದೆ. ಇಲ್ಲದಿದ್ದರೆ ಇಬ್ಬರೂ ಒಂದೇ ಮೇಜಿನ ಒಂದೇ ಪಕ್ಕದಲ್ಲಿ ಕುಳಿತುಕೊಳ್ಳಬೇಕಾಗುತ್ತದೆ. ಹೀಗೆ ದೊರೆತ ಮಾನ್ಯತೆಯ ಅವಧಿಯು ಮೂರು ವರ್ಷ. ಮಾಲೀಕನೂ ಸಂಘವೂ ಒಪ್ಪಿದರೆ ಒಟ್ಟು ಐದು ವರ್ಷದ ವರೆಗೆ.